ಆರಿದ ಮೇಲೆ

ಇಪ್ಪತ್ತಾರು ವರ್ಷ ಉಗುಳಿಯೇ ಸಂಬಳ ತಿಂದವನು ನಾನು.
ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನ ಹಿಂದಿನ ಕೋಣೆ,
ಸಾಲಾಗಿ ಹನ್ನೆರಡು ಬಟ್ಟಲು, ಒಂದು ಚಮಚ, ಒಂದು ಪೀಕದಾನಿ.
ಸುರ್ರೆಂದು ಎಳೆದು, ನಾಲಿಗೆಯ ಮೇಲೆ ಹೊರಳಿಸಿ, ಉಗುಳಿ
ಚೀಟಿಯ ಮೇಲೆ ಬರೆಯುವುದು:
ಒದ್ದೆ ಗೋಣಿ. ಹುರಿದ ಬಟಾಣಿ.
ಕೊನೆಗೆ ಕಿತ್ತಳೆ ಸಿಪ್ಪೆ, ಅದರ ಬಿಳಿ ಭಾಗ.

ಅದನ್ನು ಓದಿಸಿ ಕೇಳಿದಳು ಸೊಲೆನ್.
ಫ್ರಾನ್ಸಿನ ಯಾವುದೋ ಗುಡ್ಡಗಾಡಿನವಳು.
ನಮ್ಮ ಗೋದಾಮಿನಲ್ಲಿ ಹಾಡು ಮುದ್ರಿಸಲು ಬಂದಿದ್ದಳು,
ಕಾಫಿ ಮೂಟೆಗಳು ಮಾರ್ದನಿಯನ್ನು ನುಂಗುತ್ತವಂತೆ.
ಹಾಡು ಅವಳದೇ, ಮಟ್ಟು ಮಾತ್ರ ಅಜ್ಜಿಯರ ಕಾಲದ್ದು.
"ಊರಲ್ಲಿ ಜೊತೆಗೆ ನುಡಿಸುವವರಿಗೆ ಚೀಟಿ ಕಳಿಸಬೇಕು,
ಶೈಲಿ ಒಂದು ಕಡೆ, ಭಾವ ಒಂದು ಕಡೆ.
ನೀವೇ ಬರೆಯಿರಿ ಮಿಸ್ಯೂ ಪಳಂಗಪ್ಪ, ಕಾಫಿಗೆ ಬರೆದ ಹಾಗೆ."

ನನಗೆ ಅವಳ ಭಾಷೆ ಬಾರದು. ಸಂಗೀತವೂ.
ಬಟ್ಟಲಿಗೂ ತೋಟದ ಹೆಸರಿರುವುದಿಲ್ಲವಲ್ಲ,
ನಂಬರು ಮಾತ್ರ. ಆಗಲಿ ಅಂದೆ.

ಒಂದು. ಕುಣಿತದ್ದು, ಬೂರೇ ಅಂತ ಹೆಸರು, ಮೂರು ಪೆಟ್ಟು.
ಮೂರನೆಯದು ಕೊಂಚ ತಡೆದು ಬೀಳುತ್ತದೆ:
ಮೂಟೆ ಹೊತ್ತವನು ಲಾರಿಯ ಹಲಗೆ ಇಳಿಯುವಾಗಿನ ಹಿಮ್ಮಡಿ.
ಭಾವ: ಸಾಲ ತೀರಿದ ಸಂಜೆ,
ಆದರೂ ಜೇಬು ಮುಟ್ಟಿ ನೋಡಿಕೊಳ್ಳುವ ಕೈ.

ಎರಡನೆಯದಕ್ಕೆ ಅವಳೇ ಬರೆದಿಟ್ಟಿದ್ದಳು: ದುಃಖ.
ಹೊಡೆದು ಹಾಕಿದೆ.
ದುಃಖ ರುಚಿಯಲ್ಲ ತಾಯಿ, ಮೂಟೆಯ ಮೇಲಿನ ಸೀಲು.
ಕಹಿ ಅಂದರೆ ಯಾವ ಕಹಿ? ಹಾಗಲದ್ದೋ, ಸೀದ ಬೀಜದ್ದೋ,
ಜ್ವರ ಬಿಟ್ಟ ಮರುದಿನದ ನಾಲಿಗೆಯದೋ?
ಮತ್ತೆ ಹಾಡಿಸಿದೆ, ವಾದ್ಯವಿಲ್ಲದೆ.
ಕುರಿ ಕಾಯಲು ಹೋದವನು ಬರಲಿಲ್ಲವೆಂಬ ಕತೆಯಂತೆ.
ಪ್ರತಿ ಸಾಲಿನ ತುದಿಗೂ ದನಿ ಮೇಲೇರಿ ಅಲ್ಲೇ ನಿಲ್ಲುತ್ತದೆ.
ಬರೆದೆ: ಚಿಲಕ ಹಾಕಬೇಕೋ ಬೇಡವೋ ಎಂದು
ಬಾಗಿಲಲ್ಲಿ ನಿಂತ ರಾತ್ರಿ ಒಂಬತ್ತೂವರೆ ಗಂಟೆ.

ಮೂರು, ಕುಡಿತದ ಹಾಡು.
ಒಬ್ಬ ಎಸೆದ ಸಾಲನ್ನು ಉಳಿದವರು ಹಿಡಿಯುವುದು.
ಇದು ನನಗೆ ಗೊತ್ತು. ಪುತ್ತರಿಗೆ ನಮ್ಮೂರ ಮಂದ್‌ನಲ್ಲಿ
ದುಡಿ ಹಿಡಿದ ನಾಲ್ವರು,
ಇಬ್ಬರು ಹೇಳಿದ್ದನ್ನು ಇಬ್ಬರು ಮರಳಿಸುತ್ತಾರೆ.
ಬರೆದೆ: ನಾಲ್ಕನೆಯವನು ತಾಳ ತಪ್ಪಿದರೆ ತಿದ್ದಬೇಡಿ,
ಅವನು ನನ್ನ ಚಿಕ್ಕಪ್ಪ.

ನಾಲ್ಕಕ್ಕೆ ಹಿಡಿ ತಿರುಗಿಸುವ ಪೆಟ್ಟಿಗೆ ವಾದ್ಯ.
ಒಳಗಿನ ಗಾಲಿ ತಂತಿಯನ್ನು ಉಜ್ಜಿ ಉಜ್ಜಿ
ಒಂದೇ ಸ್ವರ ಎದ್ದು ಇಡೀ ಹಾಡು ಬಿಟ್ಟು ಹೋಗುವುದಿಲ್ಲ.
ಶೈಲಿ: ಮನೆಗೆ ಬಂದ ಮೇಲೂ ಕಿವಿಯಲ್ಲಿ ಓಡುವ ಹಲ್ಲರ್ ಯಂತ್ರ.
ಭಾವ: ಭಾನುವಾರ.

ಐದನೆಯದು ಜೋಗುಳ. ಸುಲಭ ಅಂದುಕೊಂಡೆ.
ಹಾಲು, ಏಲಕ್ಕಿ, ಎಂದು ಶುರುಮಾಡಿದ್ದೆ
ಆಚೆ ಬೀಜ ಹೆಕ್ಕುವ ಸಾಲಿನಲ್ಲಿ
ಆಯಿಸುಮ್ಮನ ಬೆರಳು ನಿಂತವು.
ಸೈರನ್ನಿಗೂ ನಿಲ್ಲದ ಬೆರಳು,
ಕರಿಬೀಜಕ್ಕೆ ಕಣ್ಣಿಗಿಂತ ಮೊದಲು ಓಡುವಂಥವು.
"ಮಗು ಮಲಗಿಸುವುದಲ್ಲ ಸಾರ್ ಇದು," ಅಂದಳು,
"ತಾಯಿ ತಾನು ನಿದ್ದೆಹೋಗಬಾರದೆಂದು
ತನಗೇ ಹೇಳಿಕೊಳ್ಳುವುದು."

ಸೊಲೆನ್ ನನ್ನ ಮುಖ ನೋಡಿದಳು.
ಅರೆಬರೆ ಇಂಗ್ಲಿಷಿನಲ್ಲಿ ದಾಟಿಸಿದೆ.
ಏನೂ ಅನ್ನಲಿಲ್ಲ. ತಂತಿಗೆ ಬೆರಳಿಡದೆ
ಹಿಡಿಯನ್ನು ಎರಡು ಸುತ್ತು ತಿರುಗಿಸಿದಳು.
ಆಮೇಲೆ ಚಹಾ ಸಿಗುತ್ತದೆಯೇ ಎಂದು ಕೇಳಿದಳು,
ಕಾಫಿ ಗೋದಾಮಿನಲ್ಲಿ.

ಹಾಲು, ಏಲಕ್ಕಿ ಹೊಡೆದು ಹಾಕಿದೆ.
ನಮ್ಮ ಕಸುಬಿನಲ್ಲೊಂದು ಕ್ರಮವಿದೆ.
ಬಿಸಿಯಲ್ಲಿ ಎಲ್ಲವೂ ಚೆನ್ನ,
ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬೇಕು.
ಹುಳುಕು, ಬೂಷ್ಟು, ಎಲ್ಲೋ ಅಪರೂಪಕ್ಕೆ ಒಂದು ಹೂವು,
ತಣ್ಣಗಾದ ಮೇಲೆಯೇ ಬಾಯಿ ಬಿಡುತ್ತವೆ.

ಶೈಲಿಯ ಕಡೆ: ಮೆಲ್ಲಗೆ. ತೊಟ್ಟಿಲು ಬೇಡ, ಕುರ್ಚಿಯೊಂದು ಸಾಕು.
ಭಾವದ ಕಡೆ: ಆರಿದ ಮೇಲೆ ಕೇಳಿ.

ಆಚೆ ಬೆರಳು ಮತ್ತೆ ಓಡತೊಡಗಿದ್ದವು.
ಒಂದು ಕರಿಬೀಜ ತಪ್ಪಿ ಒಳ್ಳೆಯವುಗಳ ಜೊತೆ ಹೋಯಿತು.
ನೋಡಿದೆ. ಬಿಟ್ಟೆ.